ಕೋಲಾರ ಚಿನ್ನದ ಗಣಿ ಮತ್ತು ಸುರಕ್ಷತಾ ಕಾನೂನು: ಎಂಜಿನಿಯರ್ ಹೊಣೆಗಾರಿಕೆಯ ವ್ಯಾಪ್ತಿಯನ್ನು ಕುರಿತ ಒಂದು ವಿವೇಚನೆ

ಪೀಠಿಕೆ

ಭಾರತದ ಕಾರ್ಮಿಕ ಸುರಕ್ಷತಾ ಕಾನೂನಿನ ಚರಿತ್ರೆಯನ್ನು ಬರೆಯುವಾಗ ಕೋಲಾರ ಚಿನ್ನದ ಗಣಿ ಪ್ರದೇಶವನ್ನು, ಅಂದರೆ ಕೆಜಿಎಫ್ ಅನ್ನು, ಬಿಟ್ಟು ಮುಂದೆ ಹೋಗಲಾಗದು. 1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿಯು ಇಲ್ಲಿನ ಗಣಿಗಾರಿಕೆಯನ್ನು ಕೈಗೆತ್ತಿಕೊಂಡಿತು. 1897ರಲ್ಲಿ ಸಂಭವಿಸಿದ ದುರಂತದಲ್ಲಿ 52 ಮಂದಿ ಮಡಿದರು. ಅದರ ಬೆನ್ನಿಗೇ ಬಲೂಚಿಸ್ತಾನದ ಖೋಸ್ತ್ ಕಲ್ಲಿದ್ದಲು ಗಣಿಯಲ್ಲಿ 47 ಮಂದಿ ಸತ್ತರು. ಈ ಎರಡು ಘಟನೆಗಳು 1901ರ ಗಣಿ ಕಾಯಿದೆಯನ್ನು ತ್ವರಿತಗೊಳಿಸಿದವು. 1902ರಲ್ಲಿ ಕಲ್ಕತ್ತೆಯಲ್ಲಿ ಆರಂಭವಾಗಿ 1908ರಲ್ಲಿ ಧನಬಾದಿಗೆ ಸ್ಥಳಾಂತರಗೊಂಡ ಗಣಿ ತಪಾಸಣಾ ಕಚೇರಿಯೇ ಇಂದಿನ ಗಣಿ ಸುರಕ್ಷತಾ ಮಹಾನಿರ್ದೇಶನಾಲಯ.

ಸಾವಿನ ಬಳಿಕ ಹುಟ್ಟಿದ ಕಾನೂನು ಮುಂದೆ ಬರಲಿರುವ ಅಪಾಯವನ್ನು ಎಷ್ಟರಮಟ್ಟಿಗೆ ಕಾಣಬಲ್ಲದು ಎಂಬುದು ಈ ಲೇಖನದ ಪ್ರಶ್ನೆ. ಕೆಜಿಎಫ್‌ನ ಅನುಭವವು ಇದಕ್ಕೆ ಸ್ಪಷ್ಟವಾದ ಉತ್ತರವನ್ನು ನೀಡುತ್ತದೆ: ಉತ್ಪಾದನೆಯನ್ನೂ ನಿಲ್ಲಿಸಬಲ್ಲ ಅಪಾಯವು ಬೇಗ ಅಧ್ಯಯನಕ್ಕೆ ಒಳಗಾಯಿತು, ಕಾರ್ಮಿಕನ ದೇಹವೊಂದೇ ಹೊತ್ತ ಅಪಾಯವು ತಡವಾಗಿ ದಾಖಲಾಯಿತು.

ಶಿಲಾಸ್ಫೋಟ: ಅಳತೆಗೆ ಸಿಕ್ಕ ಅಪಾಯ

ಚಾಂಪಿಯನ್ ರೀಫ್ ಗಣಿಯು ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದಿತ್ತು. ಆ ಆಳದಲ್ಲಿ ಬಂಡೆಯ ಉಷ್ಣತೆ 60 ಡಿಗ್ರಿ ಸೆಲ್ಸಿಯಸ್ ದಾಟುತ್ತಿದ್ದುದರಿಂದ ಗಾಳಿಯನ್ನು ತಂಪಾಗಿಸಿ ಕೆಳಗೆ ಕಳುಹಿಸಬೇಕಾಗಿತ್ತು. ಇದಕ್ಕಿಂತ ಘೋರವಾದದ್ದು ಶಿಲಾಸ್ಫೋಟ. ಅದಿರನ್ನು ತೆಗೆದ ಜಾಗದ ಸುತ್ತಲಿನ ಗಟ್ಟಿ ಬಂಡೆಯು ಮೇಲಿನ ಭಾರವನ್ನೆಲ್ಲ ಹೊತ್ತು, ಸಹನೆಯ ಮಿತಿ ಮೀರಿದಾಗ ಶೇಖರಗೊಂಡ ಶಕ್ತಿಯನ್ನು ಒಮ್ಮೆಲೇ ಹೊರಹಾಕಿ ಸಿಡಿಯುವುದನ್ನು ಈ ಹೆಸರಿನಿಂದ ಕರೆಯುತ್ತಾರೆ. ಎರಡು ಕಡೆ ಅಗೆತ ಮುಂದುವರಿದು ನಡುವೆ ಉಳಿದ ಕಿರಿದಾದ ಬಂಡೆಯ ಪಟ್ಟಿಯ ಮೇಲೆ ಒತ್ತಡ ಅತಿಯಾಗಿ ಕೇಂದ್ರೀಕರಿಸುವುದರಿಂದ, ಯಾವ ಭಾಗವನ್ನು ಮೊದಲು, ಯಾವುದನ್ನು ನಂತರ ಅಗೆಯಬೇಕು ಎಂಬ ನಕ್ಷೆಯ ತೀರ್ಮಾನವೇ ಇಲ್ಲಿ ಜೀವನ್ಮರಣದ ತೀರ್ಮಾನವಾಗಿತ್ತು.

ಈ ಅರಿವಿನಿಂದಲೇ ಕೆಜಿಎಫ್‌ನಲ್ಲಿ ಅಗೆತದ ಅನುಕ್ರಮವನ್ನು ಪರಿಷ್ಕರಿಸಲಾಯಿತು. ಮರದ ಆಧಾರಗಳ ಜಾಗಕ್ಕೆ ಗ್ರಾನೈಟ್ ಕಲ್ಲಿನ ಕಟ್ಟಡವೂ ಮುಂದೆ ಕಾಂಕ್ರೀಟೂ ಬಂದವು. ಭೂಕಂಪನ ಮಾಪಕಗಳ ನೆರವಿನಿಂದ ಬಂಡೆಯ ಕದಲಿಕೆಯನ್ನು ದಾಖಲಿಸುವ ಕೆಲಸ ನಡೆಯಿತು. 1988ರಲ್ಲಿ ರಾಷ್ಟ್ರೀಯ ಶಿಲಾ ಯಂತ್ರವಿಜ್ಞಾನ ಸಂಸ್ಥೆಯು ಕೆಜಿಎಫ್‌ನಲ್ಲೇ ಸ್ಥಾಪನೆಯಾದದ್ದು ಈ ಪರಂಪರೆಯ ಫಲ. ಅಪಾಯವನ್ನು ಗುರುತಿಸುವುದು, ಅದರ ಸಂಭವವನ್ನೂ ತೀವ್ರತೆಯನ್ನೂ ಅಂದಾಜಿಸುವುದು, ಮೂಲದಲ್ಲೇ ತಡೆಯಲು ಯತ್ನಿಸುವುದು, ಫಲಿತಾಂಶವನ್ನು ಮರಳಿ ಪರಿಶೀಲಿಸುವುದು ಎಂಬ ನಾಲ್ಕು ಹಂತಗಳನ್ನು ಇಂದು ಅಪಾಯ ನಿರ್ವಹಣೆ ಎಂದು ಕರೆಯುವುದಾದರೆ, ಶಿಲಾಸ್ಫೋಟದ ವಿಷಯದಲ್ಲಿ ಆ ಕ್ರಮವು ಕಾನೂನಿನ ಪುಸ್ತಕದಲ್ಲಿ ಹೆಸರು ಪಡೆಯುವ ಮೊದಲೇ ಇಲ್ಲಿ ರೂಢಿಯಲ್ಲಿತ್ತು.

ದೂಳು: ತಡವಾಗಿ ದಾಖಲಾದ ಅಪಾಯ

ಸಿಲಿಕೋಸಿಸ್‌ನ ಕಥೆ ಬೇರೆ. ಬೆಣಚುಕಲ್ಲನ್ನು ಕೊರೆಯುವಾಗ ಏಳುವ ಸೂಕ್ಷ್ಮ ಸಿಲಿಕಾ ದೂಳು ಶ್ವಾಸಕೋಶದ ಆಳಕ್ಕೆ ಸೇರಿ, ಅಲ್ಲಿ ಗಾಯದ ಗಂಟುಗಳನ್ನು ಉಂಟುಮಾಡಿ, ಉಸಿರಾಟದ ಸಾಮರ್ಥ್ಯವನ್ನು ಕ್ರಮೇಣ ಕುಗ್ಗಿಸುತ್ತದೆ. ಈ ಹಾನಿಯನ್ನು ಹಿಂದಕ್ಕೆ ತಿರುಗಿಸುವ ಚಿಕಿತ್ಸೆಯಿಲ್ಲ. ದಕ್ಷಿಣ ಆಫ್ರಿಕದ ಚಿನ್ನದ ಗಣಿಗಳಲ್ಲಿ ಈ ರೋಗಕ್ಕೆ ಪರಿಹಾರ ನೀಡುವ ಕಾಯಿದೆಗಳು 1911–12ರಲ್ಲೇ ಬಂದಿದ್ದವು. ಭಾರತದಲ್ಲಿ ಸಿಲಿಕೋಸಿಸ್ ಮೊದಲು ವರದಿಯಾದದ್ದು ಕೋಲಾರದ ಗಣಿಗಳಿಂದಲೇ, ಆದರೆ 1947ರಲ್ಲಿ. ಇಂಥದೇ ಬಂಡೆಯನ್ನು ಇಂಥದೇ ಉಪಕರಣಗಳಿಂದ ಕೊರೆಯುತ್ತಿದ್ದ ಎರಡು ನಾಡುಗಳ ನಡುವೆ ಮೂರೂವರೆ ದಶಕಗಳ ಅಂತರ ಬಿದ್ದುದಕ್ಕೆ ತಿಳಿವಳಿಕೆಯ ಕೊರತೆಯನ್ನು ಕಾರಣವಾಗಿ ಹೇಳುವಂತಿಲ್ಲ. ಶಿಲಾಸ್ಫೋಟವು ಕಾರ್ಮಿಕನ ಜೊತೆಗೆ ಸುರಂಗವನ್ನೂ ಅದಿರನ್ನೂ ಹಾಳುಮಾಡುತ್ತಿತ್ತು. ದೂಳಿನ ನಷ್ಟ ಗಣಿಯ ಲೆಕ್ಕಪುಸ್ತಕದಲ್ಲಿ ಕಾಣದೆ, ವರ್ಷಗಳ ಬಳಿಕ ಕಾರ್ಮಿಕನ ಮನೆಯಲ್ಲಿ ಕಾಣಿಸಿಕೊಳ್ಳುತ್ತಿತ್ತು.

ಹೊಣೆಯ ಹಂಚಿಕೆ

1952ರ ಗಣಿ ಕಾಯಿದೆಯು ಈ ಅಂತರವನ್ನು ಭಾಗಶಃ ತುಂಬಿತು. ಅದರ 18ನೆಯ ಪ್ರಕರಣವು ಸುರಕ್ಷತೆಗೆ ಬೇಕಾದ ಹಣ ಮತ್ತು ಇತರ ಸೌಕರ್ಯ ಒದಗಿಸುವ ಹೊಣೆಯನ್ನು ಮಾಲೀಕ ಮತ್ತು ಏಜೆಂಟರ ಮೇಲೂ, ನಿತ್ಯದ ಕೆಲಸ ಕಾನೂನಿನಂತೆ ನಡೆಯುವುದನ್ನು ನೋಡಿಕೊಳ್ಳುವ ಹೊಣೆಯನ್ನು ಅರ್ಹತಾ ಪ್ರಮಾಣಪತ್ರ ಪಡೆದ ಮ್ಯಾನೇಜರ್ ಮೇಲೂ ಇರಿಸಿತು. 22ನೆಯ ಪ್ರಕರಣವು, ಯಾವ ನಿಯಮದಲ್ಲೂ ಹೇಳದಿರುವ ಅಪಾಯ ಕಂಡುಬಂದಾಗಲೂ ಲಿಖಿತ ಆದೇಶ ನೀಡುವ ಅಧಿಕಾರವನ್ನು ತಪಾಸಣಾಧಿಕಾರಿಗೆ ಕೊಟ್ಟಿತು. 25ನೆಯ ಪ್ರಕರಣವು ಅಧಿಸೂಚಿತ ರೋಗಗಳ ವರದಿಯನ್ನು ಕಡ್ಡಾಯಗೊಳಿಸಿತು.

ಇದೇ ಕಾಲದಲ್ಲಿ ಇಂಗ್ಲೆಂಡಿನ ನ್ಯಾಯಾಲಯವು 1949ರ ಎಡ್ವರ್ಡ್ಸ್ ಮೊಕದ್ದಮೆಯಲ್ಲಿ, ಸುರಕ್ಷತಾ ಕ್ರಮಕ್ಕೆ ತಗಲುವ ವೆಚ್ಚ ಮತ್ತು ಶ್ರಮವು ತಪ್ಪಿಸಬಹುದಾದ ಅಪಾಯಕ್ಕೆ ಹೋಲಿಸಿದರೆ ತೀರಾ ಅಸಮವಾಗಿದ್ದರೆ ಮಾತ್ರ ಅದನ್ನು ಕೈಬಿಡಬಹುದು ಎಂಬ ತತ್ತ್ವವನ್ನು ನಿರೂಪಿಸಿತು. ಈ ತೂಗುವಿಕೆಯಲ್ಲಿ ಎಂಜಿನಿಯರ್ ಕೊಡುವ ಅಂದಾಜೇ ನಿರ್ಣಾಯಕ. ತಡವಾಗಿ ತೋರುವ ರೋಗವನ್ನು ಆತ ಲೆಕ್ಕಕ್ಕೆ ಹಿಡಿಯದಿದ್ದರೆ ನ್ಯಾಯದ ತಕ್ಕಡಿಯೇ ತಪ್ಪು ತೋರಿಸುತ್ತದೆ.

2025ರ ನವೆಂಬರ್ 21ರಂದು ಜಾರಿಗೆ ಬಂದ, ಗಣಿ ಕಾಯಿದೆಯೂ ಸೇರಿ 13 ಕಾಯಿದೆಗಳನ್ನು ಒಳಗೊಂಡ ‘ವೃತ್ತಿ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಸ್ಥಿತಿಗತಿ ಸಂಹಿತೆ, 2020’ ಎಂಜಿನಿಯರನ್ನು ನೇರವಾಗಿ ಹೆಸರಿಸುತ್ತದೆ. ಅದರ 9ನೆಯ ಪ್ರಕರಣದ ಪ್ರಕಾರ ನಿರ್ಮಾಣ ಕಾಮಗಾರಿಯ ವಾಸ್ತುಶಿಲ್ಪಿ, ಯೋಜನಾ ಎಂಜಿನಿಯರ್ ಮತ್ತು ವಿನ್ಯಾಸಕಾರರು ಯೋಜನೆಯ ಹಂತದಲ್ಲೇ ಕೆಲಸಗಾರರ ಸುರಕ್ಷತೆಯನ್ನು ಪರಿಗಣಿಸಬೇಕು. ಮುಂದಿನ ನಿರ್ವಹಣೆಯಲ್ಲಿ ಎದುರಾಗಬಹುದಾದ ವಿಶೇಷ ಅಪಾಯಗಳನ್ನೂ ಗಮನದಲ್ಲಿಡಬೇಕು. ವಿನ್ಯಾಸಕಾರನ ಹೊಣೆ ಕಾಮಗಾರಿ ಮುಗಿದ ದಿನಕ್ಕೇ ಮುಗಿಯುವುದಿಲ್ಲ ಎಂಬುದನ್ನು ಕಾನೂನು ಹೀಗೆ ಕಟ್ಟಡಗಳ ಮಟ್ಟಿಗೆ ಒಪ್ಪಿದೆ.

ಗಣಿ ಮುಚ್ಚಿದ ಮೇಲೆ

ಈ ತತ್ತ್ವವನ್ನು ಗಣಿಗೂ ವಿಸ್ತರಿಸಬೇಕಾದ ಅಗತ್ಯವನ್ನು ಕೆಜಿಎಫ್‌ನ ಇಂದಿನ ಸ್ಥಿತಿ ತೋರಿಸುತ್ತದೆ. 1972ರಲ್ಲಿ ರೂಪುಗೊಂಡ ಭಾರತ್ ಗೋಲ್ಡ್ ಮೈನ್ಸ್ ಸಂಸ್ಥೆಯು 2001ರ ಫೆಬ್ರವರಿ 28ರಂದು ಗಣಿಗಳನ್ನು ಮುಚ್ಚಿತು. ಚಿನ್ನ ತೆಗೆದ ಬಳಿಕ ಉಳಿದ ಪುಡಿಯ ರಾಶಿಗಳು, ಜನರ ಮಾತಿನ ಸೈನೈಡ್ ದಿಬ್ಬಗಳು, ಊರಿನ ನಡುವೆಯೇ ನಿಂತಿವೆ. ಗಾಳಿಯ ದಿನಗಳಲ್ಲಿ ಅವುಗಳ ದೂಳು ಮನೆಗಳಿಗೆ ಬರುತ್ತದೆ. ಕೆಲಸ ಕಳೆದುಕೊಂಡ ಕುಟುಂಬಗಳ ಮುಂದಿನ ತಲೆಮಾರು, 1894ರಲ್ಲಿ ಗಣಿಗಾಗಿಯೇ ಹಾಕಿದ ಮಾರಿಕುಪ್ಪಂ–ಬಂಗಾರಪೇಟೆ ರೈಲುಮಾರ್ಗದಲ್ಲಿ ಪ್ರತಿದಿನ ಬೆಂಗಳೂರಿಗೆ ಹೋಗಿ ದುಡಿಯುತ್ತಿದೆ.

ಪರಿಹಾರದ ಕಾನೂನು ಇಲ್ಲಿ ಹಿಂದೆ ಬೀಳುತ್ತದೆ. ಗಣಿ ಮುಚ್ಚಿದಾಗ ಜಾರಿಯಲ್ಲಿದ್ದ 1923ರ ಪರಿಹಾರ ಕಾಯಿದೆಯ 10ನೆಯ ಪ್ರಕರಣವು, ಕೆಲಸ ಬಿಟ್ಟ ಎರಡು ವರ್ಷಗಳೊಳಗೆ ಲಕ್ಷಣ ತೋರಿದ ವೃತ್ತಿರೋಗವನ್ನಷ್ಟೇ ಆ ಕೆಲಸದ ಅಪಘಾತವೆಂದು ಭಾವಿಸಲು ಅವಕಾಶ ನೀಡುತ್ತಿತ್ತು. ಸಿಲಿಕೋಸಿಸ್ ಎಷ್ಟೋ ಬಾರಿ ದಶಕಗಳ ಬಳಿಕ ಕಾಣಿಸಿಕೊಳ್ಳುತ್ತದೆ. ಹಾಗಾಗಿ ರೋಗದ ಗತಿಗೂ ಕಾನೂನಿನ ಅವಧಿಗೂ ಹೊಂದಾಣಿಕೆಯೇ ಇರಲಿಲ್ಲ.

ಉಪಸಂಹಾರ

1,003.4 ಎಕರೆಯಲ್ಲಿರುವ 13 ದಿಬ್ಬಗಳಿಂದ ಮತ್ತೆ ಖನಿಜ ತೆಗೆಯುವ ಕೇಂದ್ರದ ಪ್ರಸ್ತಾವಕ್ಕೆ ಕರ್ನಾಟಕ ಸಚಿವ ಸಂಪುಟ 2024ರ ಜೂನ್‌ನಲ್ಲಿ ಒಪ್ಪಿಗೆ ನೀಡಿದೆ. ದೂಳಿನ ಪ್ರಶ್ನೆ ಇದರಿಂದ ಮತ್ತೆ ಜೀವಂತವಾಗಿದೆ. ಕೆಲಸ ಆರಂಭವಾಗುವ ಮೊದಲೇ ದೂಳಿನ ಅಳತೆಯನ್ನು ಬಹಿರಂಗವಾಗಿ ದಾಖಲಿಸುವುದು, ಗುತ್ತಿಗೆ ಕಾರ್ಮಿಕರೂ ಸೇರಿ ಎಲ್ಲರ ಆರೋಗ್ಯ ದಾಖಲೆಯನ್ನು ಉದ್ಯೋಗ ಮುಗಿದ ಮೇಲೂ ಕಾಪಾಡುವುದು, ಮಿತಿ ಮೀರಿದ ದಿನ ಕೆಲಸ ನಿಲ್ಲಿಸುವ ಅಧಿಕಾರವನ್ನು ಸ್ಥಳದ ಎಂಜಿನಿಯರ್‌ಗೆ ಲಿಖಿತವಾಗಿ ಕೊಡುವುದು, ಈ ಮೂರೂ ಪರವಾನಗಿಯ ಷರತ್ತುಗಳಾಗಬೇಕು. ದೇಶದ ಮೊದಲ ಗಣಿ ಕಾಯಿದೆಗೆ ಕಾರಣವಾದ ನೆಲದಲ್ಲಿ, ಈ ಬಾರಿಯಾದರೂ ಕಾನೂನು ಸಾವಿಗಿಂತ ಮೊದಲು ಬರಬೇಕು.