ತವರಿಲ್ಲದ ತಂಡ ಗೆದ್ದ ಕಪ್: ಯುರೋಪಿನ ಬಾಸ್ಕೆಟ್‌ಬಾಲ್, 1991-92

ಉಪಜಿಲ್ಲಾ ಮಟ್ಟದ ಕ್ರೀಡಾಕೂಟಕ್ಕೆ ಹೋಗಿ ಬಂದ ಮಕ್ಕಳಿಗೆ ಒಂದು ವಿಷಯ ಹೇಳಿಕೊಡಬೇಕಾಗಿಲ್ಲ. ಸ್ವಂತ ಶಾಲೆಯ ಅಂಗಳದಲ್ಲಿ ಆಡುವುದೇ ಬೇರೆ, ಬೇರೆ ಶಾಲೆಯ ಅಂಗಳದಲ್ಲಿ ಆಡುವುದೇ ಬೇರೆ. ಗೆರೆಗಳ ಅಳತೆ ಒಂದೇ, ಚೆಂಡಿನ ತೂಕ ಒಂದೇ. ಆದರೆ ಸುತ್ತ ನಿಂತು ಕೂಗುವವರು ಯಾರು ಎಂಬುದರ ಮೇಲೆ ಕಾಲಿಗೆ ಬರುವ ಬಲ ಹೆಚ್ಚು ಕಡಿಮೆ ಆಗುತ್ತದೆ. ಅದಕ್ಕಾಗಿಯೇ ದೊಡ್ಡ ಪಂದ್ಯಾವಳಿಗಳಲ್ಲಿ ಪ್ರತಿ ತಂಡಕ್ಕೂ ಅರ್ಧ ಆಟಗಳನ್ನು ತನ್ನ ಊರಿನಲ್ಲಿ, ಉಳಿದರ್ಧವನ್ನು ಎದುರಾಳಿಯ ಊರಿನಲ್ಲಿ ಇಡುತ್ತಾರೆ. ಹಾಗಾದರೆ ಒಂದು ತಂಡಕ್ಕೆ ತನ್ನ ಊರಿನಲ್ಲಿ ಆಡಲು ಅವಕಾಶವೇ ಇಲ್ಲವೆಂದಾದರೆ? ಅಂಥ ಒಂದು ತಂಡ ಯುರೋಪಿನ ಅತಿ ದೊಡ್ಡ ಕಪ್ ಗೆದ್ದ ಕಥೆ ಇದು. ಆಟದ ಕಥೆಯೂ ಹೌದು, ಒಂದು ದೇಶ ಒಡೆದ ಕಥೆಯೂ ಹೌದು.

ಮೊದಲು ಅಟ್ಲಾಸ್ ತೆರೆದು ನೋಡೋಣ. ಇಟಲಿಯ ಪೂರ್ವಕ್ಕೆ ಏಡ್ರಿಯಾಟಿಕ್ ಸಮುದ್ರ. ಅದರ ಆಚೆ ದಡದಲ್ಲಿ ಈಗ ಕಾಣುವ ಸ್ಲೊವೇನಿಯಾ, ಕ್ರೊಯೇಷಿಯಾ, ಬೋಸ್ನಿಯಾ, ಮಾಂಟೆನೆಗ್ರೊ ಮತ್ತು ಅವುಗಳ ಬೆನ್ನಿಗಿರುವ ಸರ್ಬಿಯಾ, ಉತ್ತರ ಮ್ಯಾಸಿಡೋನಿಯಾ ಇವೆಲ್ಲ ಸೇರಿ 1991ರ ಆರಂಭದಲ್ಲಿ ಒಂದೇ ದೇಶ. ಹೆಸರು ಯುಗೊಸ್ಲಾವಿಯಾ. ಅಲ್ಲಿ ಬಾಸ್ಕೆಟ್‌ಬಾಲ್ ಎಂದರೆ ನಮ್ಮಲ್ಲಿ ಕ್ರಿಕೆಟ್ ಇದ್ದ ಹಾಗೆ. ಯುರೋಪಿನ ಚಾಂಪಿಯನ್ ಕ್ಲಬ್ಬುಗಳ ಕಪ್ಪನ್ನು 1979ರಲ್ಲಿ ಸರಾಯೆವೊ ಊರಿನ ಬೋಸ್ನಾ ತಂಡ ಗೆದ್ದಿತು. 1985 ಮತ್ತು 1986ರಲ್ಲಿ ಝಾಗ್ರೆಬ್‌ನ ತ್ಸಿಬೋನಾ ಗೆದ್ದಿತು. ಆಮೇಲೆ 1989, 1990, 1991ರಲ್ಲಿ ಸಾಲಾಗಿ ಮೂರು ಸಲ ಕಡಲ ತೀರದ ಸ್ಪ್ಲಿಟ್ ಊರಿನ ತಂಡ ಗೆದ್ದಿತು. ಹದಿಮೂರು ವರ್ಷಗಳಲ್ಲಿ ಆರು ಕಪ್ ಒಂದೇ ದೇಶಕ್ಕೆ! ರಾಜಧಾನಿ ಬೆಲ್‌ಗ್ರೇಡಿನ ಪಾರ್ಟಿಜಾನ್ ಕ್ಲಬ್ಬಿಗೆ ಮಾತ್ರ ಈ ಭಾಗ್ಯ ಬಂದಿರಲಿಲ್ಲ. 1988ರಲ್ಲಿ ಮೂರನೇ ಸ್ಥಾನ ಬಂದದ್ದೇ ದೊಡ್ಡದು.

1991ರ ಜೂನ್ ತಿಂಗಳಲ್ಲಿ ಯುಗೊಸ್ಲಾವಿಯಾದ ರಾಷ್ಟ್ರೀಯ ತಂಡ ಯುರೋಪಿಯನ್ ಚಾಂಪಿಯನ್‌ಶಿಪ್ ಆಡಲು ರೋಮ್ ನಗರದಲ್ಲಿತ್ತು. ಜೂನ್ 25ರಂದು ಸ್ಲೊವೇನಿಯಾ ಮತ್ತು ಕ್ರೊಯೇಷಿಯಾ ಸ್ವಾತಂತ್ರ್ಯ ಘೋಷಿಸಿದವು. ತಂಡದಲ್ಲಿದ್ದ ಸ್ಲೊವೇನಿಯಾದ ಆಟಗಾರ ಯೂರಿ ಝ್ಡೋವ್ತ್ಸ್ ಪಂದ್ಯಾವಳಿಯ ನಡುವೆಯೇ ತಂಡ ಬಿಟ್ಟು ಹೊರಡಬೇಕಾಯಿತು. ಉಳಿದವರು ಆಡಿ ಚಿನ್ನ ಗೆದ್ದರು. ಪದಕ ಕೊರಳಿಗೆ ಬೀಳುವ ಹೊತ್ತಿಗೆ, ಯಾವ ದೇಶದ ಹೆಸರಲ್ಲಿ ಗೆದ್ದರೋ ಆ ದೇಶ ಬಿರುಕು ಬಿಟ್ಟಾಗಿತ್ತು.

ಬಿರುಕು ಯುದ್ಧವಾಯಿತು. ಕ್ರೊಯೇಷಿಯಾದ ಊರುಗಳ ಮೇಲೆ ಯುಗೊಸ್ಲಾವ್ ಸೇನೆಯ ಗುಂಡುಗಳು ಬಿದ್ದವು. 1991ರ ನವೆಂಬರ್ 15ರಂದು ನೌಕಾಪಡೆಯ ಹಡಗುಗಳು ಸ್ಪ್ಲಿಟ್ ನಗರದ ಮೇಲೆಯೇ ಗುಂಡು ಹಾರಿಸಿದವು. ಮೂರು ದಿನ ಕಳೆದು, ತಿಂಗಳುಗಟ್ಟಲೆ ಮುತ್ತಿಗೆಯಲ್ಲಿದ್ದ ವುಕೊವಾರ್ ಪಟ್ಟಣ ಬಿದ್ದಿತು. ಇಂಥ ಸ್ಥಿತಿಯಲ್ಲಿ ಬೇರೆ ದೇಶಗಳ ತಂಡಗಳನ್ನು ಅಲ್ಲಿಗೆ ಕರೆಸಿ ಆಟ ಆಡಿಸುವುದು ಹೇಗೆ? ಈ ಕಾರಣದಿಂದ ಬಾಸ್ಕೆಟ್‌ಬಾಲ್ ಸಂಸ್ಥೆಯಾದ ಫಿಬಾ, ಆ ನೆಲದ ಕ್ಲಬ್ಬುಗಳು ತಮ್ಮ ತವರು ಪಂದ್ಯಗಳನ್ನು ಹೊರದೇಶದಲ್ಲಿ ಆಡಬೇಕೆಂದು ನಿರ್ಧರಿಸಿತು. ಆ ಸಾಲಿನ ಪಂದ್ಯಾವಳಿಯಲ್ಲಿ ಅಂಥ ಮೂರು ಕ್ಲಬ್ಬುಗಳಿದ್ದವು: ಸ್ಪ್ಲಿಟ್, ತ್ಸಿಬೋನಾ, ಪಾರ್ಟಿಜಾನ್. ಮೂರಕ್ಕೂ ಆಸರೆ ಸಿಕ್ಕಿದ್ದು ಸ್ಪೇನಿನಲ್ಲಿ. ಸ್ಪ್ಲಿಟ್ ತಂಡ ವಾಯವ್ಯದ ಅ ಕೊರುನ್ಯಾ ಊರಿಗೆ ಹೋಯಿತು, ತ್ಸಿಬೋನಾ ದಕ್ಷಿಣ ತುದಿಯ ಪುಯೆರ್ತೊ ರೆಆಲ್‌ಗೆ ಹೋಯಿತು, ಪಾರ್ಟಿಜಾನ್ ಮ್ಯಾಡ್ರಿಡ್ ಪಕ್ಕದ ಫುಯೆನ್‌ಲಾಬ್ರಾದಾಕ್ಕೆ ಹೋಯಿತು. ಊರಲ್ಲಿ ಒಬ್ಬರ ಮೇಲೊಬ್ಬರು ಬಂದೂಕು ಹಿಡಿದಿದ್ದ ಜನರ ತಂಡಗಳು ಪರದೇಶದಲ್ಲಿ ಒಂದೇ ನಾಡಿನ ಮೂರು ಮೂಲೆಗಳಲ್ಲಿ ಬಾಡಿಗೆದಾರರಾದವು.

ಬೆಲ್‌ಗ್ರೇಡಿನಿಂದ ಮ್ಯಾಡ್ರಿಡ್‌ಗೆ ನೇರ ಗೆರೆ ಎಳೆದರೂ ಸುಮಾರು 2 ಸಾವಿರ ಕಿಲೋಮೀಟರ್. ಕಾಸರಗೋಡಿನಿಂದ ದೆಹಲಿಗೆ ಇರುವಷ್ಟು ದೂರ ಎನ್ನಬಹುದು. ‘ತವರು ಪಂದ್ಯ’ ಆಡಲು ಪ್ರತಿಸಲ ಅಷ್ಟು ದೂರ ಹೋಗಬೇಕು! ಫುಯೆನ್‌ಲಾಬ್ರಾದಾ ದೊಡ್ಡ ಹೆಸರಿನ ಊರಲ್ಲ. ಮ್ಯಾಡ್ರಿಡ್ ನಗರದ ದಕ್ಷಿಣಕ್ಕೆ, ಹೊಟ್ಟೆಪಾಡಿಗಾಗಿ ಬಂದು ನೆಲೆಸಿದ ದುಡಿಯುವ ಜನರಿಂದ ಬೆಳೆದ ಪಟ್ಟಣ. ಅಲ್ಲಿಯ ಜನ ಸರ್ಬಿಯಾದ ಭಾಷೆ ಅರಿಯರು. ಆದರೂ ಆ ಸಾಲಿನಲ್ಲಿ ಅವರು ಈ ಹುಡುಗರನ್ನು ತಮ್ಮವರೆಂದು ಒಪ್ಪಿಕೊಂಡರು. ಗ್ಯಾಲರಿ ತುಂಬಿತು, ಕೂಗು ಎದ್ದಿತು. ‘ಫುಯೆನ್‌ಲಾಬ್ರಾದಾದ ಪಾರ್ಟಿಜಾನ್’ ಎಂಬ ಅಡ್ಡಹೆಸರೇ ತಂಡಕ್ಕೆ ಅಂಟಿಕೊಂಡಿತು.

ಈಗ ಆ ತಂಡದತ್ತ ನೋಡೋಣ. ತರಬೇತುದಾರ ಝೆಲ್ಕೊ ಒಬ್ರಾದೊವಿಚ್. 1991ರ ಬೇಸಿಗೆಯವರೆಗೆ ಅವರು ಅದೇ ತಂಡದ ಆಟಗಾರ, ತರಬೇತಿಯ ಅನುಭವ ಸೊನ್ನೆ! ಅದಕ್ಕಾಗಿ ಅವರ ಪಕ್ಕದಲ್ಲಿ ಹಿರಿಯ ಸಲಹೆಗಾರರೊಬ್ಬರು ಕುಳಿತರು, ಅಲೆಕ್ಸಾಂಡರ್ ನಿಕೊಲಿಚ್. 1970, 1972 ಮತ್ತು 1973ರಲ್ಲಿ ಇಟಲಿಯ ವರೇಸೆ ತಂಡಕ್ಕೆ ಇದೇ ಕಪ್ ಗೆಲ್ಲಿಸಿದ್ದ ಗುರು ಅವರು. ಆಟಗಾರರಲ್ಲಿ ಮುಖ್ಯರಾದವರು 24 ವರ್ಷದ ಅಲೆಕ್ಸಾಂಡರ್ ಜೋರ್ಜೆವಿಚ್ ಮತ್ತು 22 ತುಂಬಿದ ಪ್ರೆದ್ರಾಗ್ ದಾನಿಲೊವಿಚ್. ಬೇರೆ ಶ್ರೀಮಂತ ಕ್ಲಬ್ಬುಗಳಲ್ಲಿ ದುಬಾರಿ ಸಂಬಳದ ಅಮೆರಿಕನ್ ಆಟಗಾರರು ಇದ್ದರು, ಇಲ್ಲಿ ಒಬ್ಬರೂ ಇರಲಿಲ್ಲ. ಇನ್ನೊಬ್ಬನ ಹೆಸರನ್ನೂ ಹೇಳಲೇಬೇಕು: ಇವೊ ನಾಕಿಚ್. ಆತ ಹುಟ್ಟಿದ್ದು ಕ್ರೊಯೇಷಿಯಾದ ರಿಯೆಕಾ ಊರಿನಲ್ಲಿ. ಯುದ್ಧದ ಆ ವರ್ಷವೂ ಆತ ಬೆಲ್‌ಗ್ರೇಡಿನ ತಂಡದ ಅಂಗಿ ತೊಟ್ಟೇ ಆಡಿದ.

ಇಲ್ಲಿ ಒಂದು ಮಾತನ್ನು ಮುಚ್ಚಿಡಬಾರದು. ಪಾರ್ಟಿಜಾನ್ ಕ್ಲಬ್ 1945ರಲ್ಲಿ ಹುಟ್ಟಿದ್ದು ಯುಗೊಸ್ಲಾವ್ ಸೇನೆಯ ಕ್ರೀಡಾ ಸಂಘವಾಗಿ. ಸ್ಪ್ಲಿಟ್ ನಗರದ ಮೇಲೆ ಗುಂಡು ಹಾರಿಸಿದ್ದು ಅದೇ ಸೇನೆ. ಆದುದರಿಂದ ‘ಪಾಪ, ನೆಲೆ ಕಳೆದುಕೊಂಡ ತಂಡ’ ಎಂದು ಬರೀ ಕಣ್ಣೀರು ಹಾಕಿದರೆ ಅರ್ಧ ಇತಿಹಾಸವಷ್ಟೇ ಹೇಳಿದಂತಾಗುತ್ತದೆ. ಆ ಹುಡುಗರು ಯುದ್ಧ ಮಾಡಿಸಿದವರಲ್ಲ. ಆದರೆ ಸ್ಪ್ಲಿಟ್ ಮತ್ತು ಝಾಗ್ರೆಬ್‌ನ ಹುಡುಗರೂ ತಮ್ಮ ಅಂಗಳ ಕಳೆದುಕೊಂಡರು, ಅವರ ಊರಿಗೆ ಗುಂಡುಗಳೂ ಬಿದ್ದವು. ಇವೆರಡನ್ನೂ ಒಟ್ಟಿಗೆ ನೆನಪಿಟ್ಟುಕೊಂಡು ಮುಂದೆ ಓದಬೇಕು.

ಪಂದ್ಯಾವಳಿಯ ಕ್ರಮ ಹೀಗಿತ್ತು. ಎಂಟೆಂಟು ತಂಡಗಳ ಎರಡು ಗುಂಪು, ಪ್ರತಿ ತಂಡಕ್ಕೆ 14 ಆಟ, ಪ್ರತಿ ಗುಂಪಿನಿಂದ ಮೊದಲ ನಾಲ್ವರಿಗೆ ಕ್ವಾರ್ಟರ್ ಫೈನಲ್. ಪಾರ್ಟಿಜಾನ್ 9 ಗೆದ್ದು 5 ಸೋತು ನಾಲ್ಕನೆಯದಾಗಿ ಹೇಗೋ ಒಳಗೆ ಬಂತು. ಅಲ್ಲಿ ಎದುರಾದದ್ದು ಇಟಲಿಯ ಬಲಿಷ್ಠ ತಂಡ ಬೊಲೋನ್ಯಾ. ಮೂರರಲ್ಲಿ ಎರಡು ಗೆಲ್ಲಬೇಕು. ಈ ಸುತ್ತಿನ ಮೊದಲ ಆಟವನ್ನು ಮಾತ್ರ ಬೆಲ್‌ಗ್ರೇಡಿನ ಪಿಯೊನಿರ್ ಸಭಾಂಗಣದಲ್ಲಿ ಆಡಲು ಅನುಮತಿ ಸಿಕ್ಕಿತು. ಇಡೀ ಸಾಲಿನಲ್ಲಿ ನಿಜವಾದ ತವರು ಪಂದ್ಯ ಅದೊಂದೇ. ಅದನ್ನು ಗೆದ್ದರು. ಬೊಲೋನ್ಯಾದಲ್ಲಿ ಎರಡನೆಯದನ್ನು ಸೋತರು, ಅಲ್ಲಿಯೇ ಮೂರನೆಯದನ್ನು ಗೆದ್ದರು.

ಕೊನೆಯ ನಾಲ್ಕು ತಂಡಗಳು 1992ರ ಏಪ್ರಿಲ್‌ನಲ್ಲಿ ತುರ್ಕಿಯ ಇಸ್ತಾಂಬುಲ್‌ನಲ್ಲಿ ಸೇರಿದವು. 14ರಂದು ಸೆಮಿಫೈನಲ್‌ನಲ್ಲಿ ಪಾರ್ಟಿಜಾನ್ ಇಟಲಿಯ ಮಿಲಾನ್ ತಂಡವನ್ನು 82-75ರಿಂದ ಸೋಲಿಸಿತು. ಇನ್ನೊಂದು ಕಡೆ ಬಾರ್ಸಿಲೋನಾ ಪಕ್ಕದ ಬದಲೋನಾ ಊರಿನ ಜೊವೆಂತುತ್ ತಂಡವು ಮ್ಯಾಡ್ರಿಡ್‌ನ ಎಸ್ತುದಿಯಾಂತೆಸ್ ತಂಡವನ್ನು ಮಣಿಸಿತು. ಆಶ್ರಯ ಕೊಟ್ಟ ನಾಡಿನ ತಂಡವೇ ಫೈನಲ್‌ನ ಎದುರಾಳಿ! ಇದೇ ಹೊತ್ತಿಗೆ ಬೋಸ್ನಿಯಾಕ್ಕೂ ಯುದ್ಧ ಹಬ್ಬಿತ್ತು. ಏಪ್ರಿಲ್ ಮೊದಲ ವಾರದಲ್ಲಿ ಸರಾಯೆವೊ ನಗರದ ಮುತ್ತಿಗೆ ಆರಂಭವಾಗಿತ್ತು. ದೇಶಕ್ಕೆ ಮೊದಲ ಕಪ್ ತಂದಿದ್ದ ಅದೇ ಸರಾಯೆವೊ.

ಏಪ್ರಿಲ್ 16, ಫೈನಲ್. ಆಗ ಆಟ 20 ನಿಮಿಷಗಳ ಎರಡು ಅವಧಿ. ಬುಟ್ಟಿಯಿಂದ 6.25 ಮೀಟರ್ ದೂರದ ಗೆರೆಯ ಆಚೆಯಿಂದ ಹಾಕಿದರೆ ಮೂರು ಅಂಕ. ಕೊನೆಯ ಹತ್ತು ಸೆಕೆಂಡಿನ ಹೊತ್ತಿಗೆ ಜೊವೆಂತುತ್‌ನ ತೊಮಾಸ್ ಜೊಫ್ರೆಸಾ ಚೆಂಡು ಹಾಕಿ 70-68 ಮಾಡಿದರು. ಪಾರ್ಟಿಜಾನ್ ಸಮಯ ಕೇಳಿ ನಿಲ್ಲಲಿಲ್ಲ. ಕೊಪ್ರಿವಿತ್ಸಾ ಚೆಂಡನ್ನು ಜೋರ್ಜೆವಿಚ್‌ಗೆ ಕೊಟ್ಟ. ಜೋರ್ಜೆವಿಚ್ ಅಂಗಣದ ಉದ್ದಕ್ಕೂ ಓಡಿದ, ಮೂರಂಕದ ಗೆರೆಯ ಬಳಿ ಓಟದಲ್ಲೇ ಜಿಗಿದ, ಎದುರಾಳಿಯ ಕೈ ಮೇಲಿಂದ ಎಸೆದ. ಚೆಂಡು ಬುಟ್ಟಿಯೊಳಗೆ! 71-70. ಉಳಿದ ಕೆಲವೇ ಸೆಕೆಂಡುಗಳಲ್ಲಿ ಜೊವೆಂತುತ್‌ಗೆ ಏನೂ ಮಾಡಲಾಗಲಿಲ್ಲ. ತಂಡದ 71 ಅಂಕಗಳಲ್ಲಿ ದಾನಿಲೊವಿಚ್ 25, ಜೋರ್ಜೆವಿಚ್ 23 ಗಳಿಸಿದ್ದರು.

ಕಥೆ ಇಲ್ಲಿಗೆ ಮುಗಿದರೆ ಸಿನಿಮಾದಂತಿರುತ್ತಿತ್ತು. ಆದರೆ ಇತಿಹಾಸ ಮುಂದುವರಿಯುತ್ತದೆ. 1992ರ ಮೇ 30ರಂದು ವಿಶ್ವಸಂಸ್ಥೆಯ ಭದ್ರತಾ ಮಂಡಳಿ 757ನೇ ನಿರ್ಣಯದ ಮೂಲಕ ಸರ್ಬಿಯಾ ಮತ್ತು ಮಾಂಟೆನೆಗ್ರೊ ಉಳಿದಿದ್ದ ಯುಗೊಸ್ಲಾವಿಯಾದ ಮೇಲೆ ದಿಗ್ಬಂಧನ ಹೇರಿತು. ವ್ಯಾಪಾರದ ಜತೆಗೆ ಕ್ರೀಡೆಗೂ ನಿಷೇಧ. ಕಪ್ ಗೆದ್ದು ಒಂದೂವರೆ ತಿಂಗಳೂ ಆಗಿರಲಿಲ್ಲ, ಮುಂದಿನ ಸಾಲಿನಲ್ಲಿ ಚಾಂಪಿಯನ್ ತಂಡಕ್ಕೇ ಪಂದ್ಯಾವಳಿಯ ಬಾಗಿಲು ಮುಚ್ಚಿತು. ಆ ಬೇಸಿಗೆಯ ಬಾರ್ಸಿಲೋನಾ ಒಲಿಂಪಿಕ್ಸ್‌ನಲ್ಲಿ ಕ್ರೊಯೇಷಿಯಾ ತನ್ನದೇ ಧ್ವಜದಡಿ ಆಡಿ ಬಾಸ್ಕೆಟ್‌ಬಾಲ್ ಬೆಳ್ಳಿ ಗೆದ್ದಿತು. ಬೆಲ್‌ಗ್ರೇಡಿನ ಹುಡುಗರಿಗೆ ಅಲ್ಲಿ ಜಾಗವಿರಲಿಲ್ಲ.

ತಂಡವೂ ಚದುರಿತು. ದಾನಿಲೊವಿಚ್ ಹೋಗಿ ಸೇರಿದ್ದು ಬೊಲೋನ್ಯಾ ತಂಡವನ್ನು. ಜೋರ್ಜೆವಿಚ್ ಸೇರಿದ್ದು ಮಿಲಾನ್ ತಂಡವನ್ನು. ಒಬ್ರಾದೊವಿಚ್ 1993ರಲ್ಲಿ ಜೊವೆಂತುತ್‌ನ ತರಬೇತುದಾರರಾದರು. ಕ್ವಾರ್ಟರ್ ಫೈನಲ್, ಸೆಮಿಫೈನಲ್, ಫೈನಲ್‌ಗಳಲ್ಲಿ ತಾವು ಸೋಲಿಸಿದ ಮೂರು ತಂಡಗಳೇ ಅವರಿಗೆ ಅನ್ನ ಕೊಟ್ಟವು ನೋಡಿ! 1994ರಲ್ಲಿ ಒಬ್ರಾದೊವಿಚ್ ಅದೇ ಜೊವೆಂತುತ್‌ಗೆ ಈ ಕಪ್ ಗೆಲ್ಲಿಸಿಕೊಟ್ಟರು. 2017ರ ಹೊತ್ತಿಗೆ ಐದು ಬೇರೆ ಬೇರೆ ಕ್ಲಬ್ಬುಗಳಲ್ಲಿ ಒಟ್ಟು ಒಂಬತ್ತು ಸಲ ಗೆದ್ದು, ಬೇರೆ ಯಾರಿಗೂ ಆಗದ ಸಾಧನೆ ಮಾಡಿದರು. ಅದರ ಮೊದಲ ಮೆಟ್ಟಿಲು ಆ ತವರಿಲ್ಲದ ವರ್ಷ.

ಈ ಕಥೆಯಿಂದ ‘ಆಟ ಜನರನ್ನು ಒಂದು ಮಾಡುತ್ತದೆ’ ಎಂಬ ಪಾಠ ಹೇಳುವುದು ಸುಲಭ. ಆದರೆ ಅದು ನಿಜವಲ್ಲ. ಒಂದೇ ರಾಷ್ಟ್ರೀಯ ತಂಡದಲ್ಲಿ ಹೆಗಲಿಗೆ ಹೆಗಲು ಕೊಟ್ಟು ಆಡಿದವರ ದೇಶವನ್ನು ಆಟ ಉಳಿಸಲಿಲ್ಲ, ಒಂದು ಗುಂಡನ್ನೂ ತಡೆಯಲಿಲ್ಲ. ಆಟಕ್ಕೆ ಆದದ್ದು ಅದಕ್ಕಿಂತ ಚಿಕ್ಕ ಕೆಲಸ. ಹೆಸರು ಸರಿಯಾಗಿ ಉಚ್ಚರಿಸಲೂ ಬಾರದ ದೂರದ ಊರಿನ ಹುಡುಗರಿಗಾಗಿ ಒಂದು ಪಟ್ಟಣದ ಜನ ಗ್ಯಾಲರಿಯಲ್ಲಿ ಬಂದು ಕುಳಿತರು. ಗಡಿ ಎಳೆಯುವುದು, ಅಳಿಸುವುದು ದೊಡ್ಡವರ ಕೈಯಲ್ಲಿದೆ. ಬಂದವರಿಗೆ ಕೂರಲು ಚಾಪೆ ಹಾಕುವುದು ನಮ್ಮ ನಿಮ್ಮ ಕೈಯಲ್ಲಿದೆ.

ಬೆಲ್‌ಗ್ರೇಡಿನ ಆ ಪಿಯೊನಿರ್ ಸಭಾಂಗಣಕ್ಕೆ 2016ರಲ್ಲಿ ಗುರು ಅಲೆಕ್ಸಾಂಡರ್ ನಿಕೊಲಿಚ್ ಅವರ ಹೆಸರಿಟ್ಟರು. 2023ರ ಅಕ್ಟೋಬರ್‌ನಲ್ಲಿ ಯುದ್ಧ ಆರಂಭವಾಗಿ ಇಸ್ರೇಲಿನಲ್ಲಿ ಈ ಪಂದ್ಯಾವಳಿಯ ಆಟ ನಡೆಸುವುದು ಅಸಾಧ್ಯವಾದಾಗ, ಟೆಲ್ ಅವಿವ್‌ನ ಮಕಾಬಿ ತಂಡ 2023-24ರ ಸಾಲಿನಲ್ಲಿ ತನ್ನ ‘ತವರು’ ಪಂದ್ಯಗಳನ್ನು ಆಡಿದ್ದು ಇದೇ ಸಭಾಂಗಣದಲ್ಲಿ. ಒಂದು ಕಾಲಕ್ಕೆ ಸ್ವಂತ ಮಕ್ಕಳನ್ನೇ 2 ಸಾವಿರ ಕಿಲೋಮೀಟರ್ ದೂರ ಕಳಿಸಿದ್ದ ಅಂಗಳ, ಈಗ ಬೇರೊಂದು ಯುದ್ಧದ ನಾಡಿನ ತಂಡಕ್ಕೆ ಬಾಡಿಗೆ ಮನೆಯಾಯಿತು.