ಕಾಲೆಳೆಯುವ ಇತಿಹಾಸ

ಆಫೀಸಿನಲ್ಲಿ ದಿನಾ ಒಬ್ಬರ ಕಾಲು ಒಬ್ಬರು ಎಳೆಯುವ ನಮಗೆ, ಆಪರೇಷನ್ ಥಿಯೇಟರಿನಲ್ಲಿ ನಿಜವಾಗಿಯೂ ಕಾಲೆಳೀತಾರೆ ಅಂದರೆ ನಗು ಬರಬಹುದು. ಸೊಂಟದ ಕೀಲಿನೊಳಗೆ ಸಣ್ಣ ಕ್ಯಾಮೆರಾ ತೂರಿಸಿ ಮಾಡುವ ಹಿಪ್ ಆರ್ತ್ರೋಸ್ಕೋಪಿಯಲ್ಲಿ ಅದು ಬೇಕೇ ಬೇಕು. ತೊಡೆಮೂಳೆಯ ಗುಂಡು ತನ್ನ ಬಟ್ಟಲಿನಿಂದ ಸುಮಾರು 8ರಿಂದ 10 ಮಿಲಿಮೀಟರ್ ಈಚೆ ಸರಿಯಬೇಕು. ಕಮ್ಮಿ ಎಳೆದರೆ ಉಪಕರಣಕ್ಕೆ ಜಾಗ ಸಿಗಲ್ಲ. ಜಾಸ್ತಿ ಎಳೆದರೆ, ಬಹಳ ಹೊತ್ತು ಎಳೆದರೆ, ನರಗಳಿಗೆ ಪೆಟ್ಟು; ತೊಡೆಸಂದಿಯಲ್ಲೋ ಪಾದದಲ್ಲೋ ಜೋಮು ಉಳಿದುಬಿಡಬಹುದು.

ಎಳೆಯೋದೇನೂ ಹೊಸ ವಿದ್ಯೆ ಅಲ್ಲ. ಮುರಿದ ಮೂಳೆಗೆ ಸುಶ್ರುತ ಸಂಹಿತೆ ಹೇಳುವ ಉಪಾಯಗಳಲ್ಲಿ ಆಂಛನ, ಅಂದರೆ ಎಳೆಯೋದು, ಒಂದು. 1861ರ ಸುಮಾರಿಗೆ ನ್ಯೂಯಾರ್ಕಿನ ಗರ್ಡನ್ ಬಕ್ ಕಾಲಿಗೆ ಅಂಟುಪಟ್ಟಿ ಸುತ್ತಿ ಹಗ್ಗ, ರಾಟೆ, ತೂಕ ಜೋಡಿಸಿದ. ಮಂಚದ ತುದಿಯಲ್ಲಿ ಇಟ್ಟಿಗೆ ಇಳಿಬಿಟ್ಟ ವಾರ್ಡುಗಳನ್ನು ನಮ್ಮ ಕಡೆಯವರು ನೋಡೇ ಇರ್ತಾರೆ. ಅದು ಇದೇ ವಿದ್ಯೆ.

ಆದರೆ ಎಳೆದಾಗ ತಡೆಯೋದು ಯಾವುದು? ನಾನು ಮುನಿರಾಬಾದ್ ಕಡೆಯವನು. ಒತ್ತಡದ ಪಾಠ ನಮಗೆ ಡ್ಯಾಮೇ ಕಲಿಸುತ್ತೆ. ತುಂಗಭದ್ರೆಯ 33 ಗೇಟುಗಳಲ್ಲಿ ಒಂದನ್ನು ಎತ್ತೋಕೆ ಗೇಟಿನ ತೂಕ ಮಾತ್ರ ಲೆಕ್ಕ ಹಾಕಿದರೆ ಸಾಲದು, ಹಿಂದೆ ನಿಂತ ನೀರಿನ ಒತ್ತಡವನ್ನೂ ಸೇರಿಸಬೇಕು. 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟಿನ ಚೈನು ಕಡಿದಾಗ ಆ ಒತ್ತಡವನ್ನು ಇಡೀ ನಾಡೇ ನೋಡಿತು. ಸೊಂಟದ ಕೀಲನ್ನು ಹಾಗೆ ಒತ್ತಿ ಹಿಡಿದಿರೋದು ಗಾಳಿ.

ಇದನ್ನು ತೋರಿಸಿದ್ದು ಜರ್ಮನಿಯ ವೇಬರ್ ಸಹೋದರರು, 1836ರಲ್ಲಿ. ಬಿಇ ಓದಿದವರಿಗೆ ಕಾಂತಪ್ರವಾಹದ ಅಳತೆಯಾಗಿ ನೆನಪಿರುವ ವೇಬರ್ ಇವರಲ್ಲೊಬ್ಬ. ಶವವೊಂದರ ಸೊಂಟದ ಸುತ್ತಲಿನ ಸ್ನಾಯು, ಕೀಲಿನ ಚೀಲ ಎಲ್ಲ ಕತ್ತರಿಸಿದರು. ಕಾಲು ಕಳಚಲೇ ಇಲ್ಲ! ಬಟ್ಟಲಿಗೆ ಒಳಗಡೆಯಿಂದ ಒಂದು ತೂತು ಕೊರೆದರು. ಗಾಳಿ ಹೊಕ್ಕಿತು, ಕಾಲು ಬಿತ್ತು. ಲೆಕ್ಕ ಹಾಕಿ ನೋಡಿ: ಗುಂಡಿನ ಅಡ್ಡಗಲ 5 ಸೆಂಟಿಮೀಟರ್ ಅಂದುಕೊಂಡರೆ ಅದರ ಮೇಲೆ ಗಾಳಿಯ ಒತ್ತಡ ಸುಮಾರು 20 ಕೆಜಿ. 60 ಕೆಜಿ ಮನುಷ್ಯನ ಒಂದು ಕಾಲು ತೂಗೋದು ಸುಮಾರು 10.

1931ರಲ್ಲಿ ನ್ಯೂಯಾರ್ಕಿನ ಮೈಕೇಲ್ ಬರ್ಮನ್ ಶವಗಳ ಕೀಲಿನಲ್ಲಿ ದುರ್ಬೀನು ಇಟ್ಟು ನೋಡಿದ. ಗುಂಡು-ಬಟ್ಟಲಿನ ನಡುವೆ ಮಾತ್ರ ತೂರಲಾಗಲಿಲ್ಲ. 1970ರ ದಶಕದ ಕೊನೆಯಿಂದ ಅಮೆರಿಕದ ಜೇಮ್ಸ್ ಗ್ಲಿಕ್‌ರಂಥವರು ಈ ಶಸ್ತ್ರಚಿಕಿತ್ಸೆಯನ್ನು ಪಳಗಿಸಿದರು.

ಈಗ ಅರಿವಳಿಕೆ ಕೊಟ್ಟು ಸ್ನಾಯು ಸಡಿಲಿಸ್ತಾರೆ. ಸೂಜಿ ಚುಚ್ಚಿ ಕೀಲಿನೊಳಗೆ ಗಾಳಿಯನ್ನೋ ಸಲೈನನ್ನೋ ಬಿಡ್ತಾರೆ. ನಿರ್ವಾತ ಮುರಿದು, ಅಷ್ಟೇ ಅಂತರಕ್ಕೆ ಬೇಕಾದ ಬಲ ಇಳಿಯುತ್ತೆ. ಕೀಲಿನ ಚೀಲ ಬಿಗಿಯಿದ್ದರೆ ಬಲ ಜಾಸ್ತಿ ಬೇಕು, ಸಡಿಲವಿದ್ದರೆ ಕಮ್ಮಿ. ಎಳೆತ ಎರಡು ಗಂಟೆ ಮೀರದಂತೆ ಗಡಿಯಾರ ನೋಡ್ತಾರೆ. ತೊಡೆಸಂದಿಗೆ ಒತ್ತುವ ಕಂಬವನ್ನೇ ತೆಗೆದು, ಮೇಜನ್ನು ತಲೆ ಕಡೆಗೆ ಇಳಿಜಾರು ಮಾಡಿ, ಮೈಭಾರದಿಂದಲೇ ತಡೆಯುವ ಪದ್ಧತಿಯೂ ಬಂದಿದೆ.

ಪ್ರೊಡಕ್ಷನ್‌ನಲ್ಲಿ ಏನೋ ಸಿಕ್ಕಿಕೊಂಡಾಗ ಇನ್ನಷ್ಟು ಸರ್ವರ್ ಸೇರಿಸೋಣ ಅನ್ನೋರು ನಮ್ಮಲ್ಲೂ ಇದ್ದಾರಲ್ಲ, ಅವರಿಗೆ ವೇಬರ್ ಸಹೋದರರ ತೂತಿನ ಕಥೆ ಹೇಳಿ.