ಅರ್ಧಕಥಾನಕದಲ್ಲಿ ಮೂಲದಾಸನ ವೃತ್ತಾಂತ

ಕವಿ ಬನಾರಸೀದಾಸನು 1641ರಲ್ಲಿ ಆಗ್ರಾದಲ್ಲಿ ರಚಿಸಿದ ‘ಅರ್ಧಕಥಾನಕ’ವು ಅವನ ಪಿತಾಮಹನಾದ ಮೂಲದಾಸನ ವೃತ್ತಾಂತವನ್ನೂ ಒಳಗೊಂಡಿದೆ. ಶ್ರೀಮಾಲ ಕುಲದ ಈ ವಣಿಕನು ಹುಮಾಯೂನನ ಸರದಾರನೊಬ್ಬನ ಮೋದಿಯಾಗಿ ಮಾಳವದ ನರವರದಲ್ಲಿದ್ದನೆಂದೂ, ವಿಕ್ರಮ ಸಂವತ್ 1608ರಲ್ಲಿ ಅಲ್ಲಿಯೇ ಕವಿಯ ತಂದೆ ಖರಗಸೇನನು ಜನಿಸಿದನೆಂದೂ ತಿಳಿದುಬರುತ್ತದೆ. ಅದು ಕ್ರಿ.ಶ. 1551. ಹುಮಾಯೂನನಾದರೋ 1540ರಲ್ಲಿ ರಾಜ್ಯಭ್ರಷ್ಟನಾಗಿ, 1555ರಲ್ಲಷ್ಟೇ ದೆಹಲಿಯನ್ನು ಮರಳಿ ಪಡೆದನು. ನಡುವೆ ಆಳಿದವರು ಸೂರ ವಂಶದವರು. ಆದುದರಿಂದ ಈ ಉಲ್ಲೇಖವನ್ನು ಯಥಾವತ್ತಾಗಿ ಸ್ವೀಕರಿಸಲಾಗದು.

ಆದರೆ ಸಂವತ್ 1613ರಲ್ಲಿ ಮೂಲದಾಸನು ತೀರಿಕೊಳ್ಳಲು, ಸರದಾರನು ಮನೆಗೆ ಮುದ್ರೆಯೊತ್ತಿ ಸೊತ್ತನ್ನೆಲ್ಲ ವಶಪಡಿಸಿಕೊಂಡುದೂ, ವಿಧವೆಯು ಎಳೆಯ ಮಗನೊಡನೆ ಜೌನಪುರದ ತವರನ್ನು ಸೇರಿದುದೂ ಮನೆತನವೇ ಅನುಭವಿಸಿದ ಸಂಗತಿಗಳು. ಅರಸನ ಹೆಸರಿನಲ್ಲಿ ತೊಡಕಿದೆಯೆಂದು ಇವನ್ನೂ ತಳ್ಳಿಹಾಕುವುದು ಯುಕ್ತವಲ್ಲ. ಗ್ರಂಥಪ್ರಶಸ್ತಿಗಳಲ್ಲಿ ಬರುವ ಸಾಮಾನ್ಯ ಶ್ರಾವಕರ ಚರಿತ್ರೆಯನ್ನು ಪರಿಶೀಲಿಸುವಾಗಲೂ ಈ ವಿವೇಕವು ಅವಶ್ಯವಾಗಿದೆ.